ಪಕ್ಕದ ಮನೆಯವರು ಹಬ್ಬಕ್ಕೆ ಕರೆದರೆ? ಮಲೇಷ್ಯಾಕ್ಕೆ ಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನಾವು ಧಾರವಾಡದವರು. ನಮ್ಮ ಮನೆಯವರಿಗೆ ಕ್ವಾಲಾಲಂಪುರದಲ್ಲಿ ಕೆಲಸ ಸಿಕ್ಕಿದೆ, ಇನ್ನೆರಡು ತಿಂಗಳಲ್ಲಿ ಹೊರಡುತ್ತೇವೆ. ಅಲ್ಲಿ ಮಲಯರು, ಚೀನಿಯರು, ತಮಿಳರು ಎಲ್ಲರೂ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತಾರೆ ಅಂತ ಕೇಳಿದ್ದೇನೆ. ಅದು ನಿಜವಾ, ಇಲ್ಲ ಬರೀ ಜಾಹೀರಾತಿನ ಮಾತಾ? ನಾವು ಶುದ್ಧ ಸಸ್ಯಾಹಾರಿಗಳು. ಕರೆದರೆ ಹೋಗಬೇಕಾ? ಹೋದರೆ ಏನು ತಿನ್ನೋದು, ಏನು ತಗೊಂಡು ಹೋಗೋದು? ಇನ್ನೊಂದು ಚಿಂತೆ, ನಮ್ಮ ಮಗಳಿಗೆ 7 ವರ್ಷ. ಅಲ್ಲಿ ಬೆಳೆದು ನಮ್ಮ ಹಬ್ಬಗಳನ್ನೇ ಮರೆತುಬಿಡುತ್ತಾಳೇನೋ ಅಂತ ಭಯ.

ಉತ್ತರ: ಕರೆದರೆ ಹೋಗಿ. ಈ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ದೇಶದಲ್ಲಿ ನಾನು ಬಹಳ ವರ್ಷ ಸಂಸಾರ ಮಾಡಿದವಳು. ನಿಮಗಿರುವ ಇದೇ ಚಿಂತೆಗಳು ನನಗೂ ಇದ್ದವು. ಊಟದ ಪದ್ಧತಿ ಅಡ್ಡಿಯಾಗುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ಆದರೆ ಅಲ್ಲಿ ನಿಮ್ಮ ಸಸ್ಯಾಹಾರದ ಅಡುಗೆಮನೆಯೇ ನಿಮಗೆ ದೊಡ್ಡ ಬಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕೇಳಿದ ಮಾತು ನಿಜವೇ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದಕ್ಕೆ ಅಲ್ಲಿ ‘ರುಮಾ ತೆರ್ಬುಕಾ’ ಎನ್ನುತ್ತಾರೆ. ತೆರೆದ ಮನೆ ಅಂತ ಅರ್ಥ. ಮಾತಿನಲ್ಲಿ ಎಲ್ಲರೂ ‘ಓಪನ್ ಹೌಸ್’ ಅಂತಲೇ ಅನ್ನುತ್ತಾರೆ. ಹಬ್ಬ ಇರುವ ಮನೆಯವರು ಒಂದು ದಿನ ಗೊತ್ತು ಮಾಡಿ, ಬೆಳಗ್ಗೆ ಹನ್ನೊಂದರಿಂದ ಸಂಜೆಯವರೆಗೆ ಬಾಗಿಲು ತೆಗೆದಿಡುತ್ತಾರೆ. ಆಫೀಸಿನವರು, ಅಕ್ಕಪಕ್ಕದವರು, ಮಕ್ಕಳ ಟೀಚರ್, ಯಾರು ಬೇಕಾದರೂ ಬರಬಹುದು. ಬರುತ್ತಾರೆ, ತಿನ್ನುತ್ತಾರೆ, ಒಂದರ್ಧ ಗಂಟೆ ಕೂತು ಹೊರಡುತ್ತಾರೆ. ಮಂತ್ರಿಗಳೂ ದೊಡ್ಡ ಪ್ರಮಾಣದಲ್ಲಿ ಇದನ್ನೇ ಮಾಡುತ್ತಾರೆ, ಅದಕ್ಕೆ ಸಾವಿರಾರು ಜನ ಸೇರುತ್ತಾರೆ. ನನಗೆ ಮುಖ್ಯ ಅನಿಸುವುದು ಮನೆಯದ್ದು.

ಇಲ್ಲಿ ಒಂದು ಸೂಕ್ಷ್ಮ ತಿಳಿದಿರಲಿ. ಅವರು ನಿಮ್ಮನ್ನು ಪೂಜೆಗೆ ಕರೆಯುವುದಿಲ್ಲ, ಪ್ರಾರ್ಥನೆಗೂ ಕರೆಯುವುದಿಲ್ಲ. ಊಟಕ್ಕೆ ಕರೆಯುತ್ತಾರೆ. ಮಸೀದಿ, ದೇವಸ್ಥಾನ, ಹಿರಿಯರ ಸಮಾಧಿ ಎಲ್ಲವೂ ಮನೆಯವರ ಮಟ್ಟಿಗೆ ಬೆಳಗ್ಗೆಯೇ ಮುಗಿದಿರುತ್ತೆ. ಆಮೇಲೆ ಊಟದ ಮೇಜಿನ ಸುತ್ತ ಎಲ್ಲರೂ ಸೇರುತ್ತಾರೆ. ಯಾರೂ ತಮ್ಮ ದೇವರನ್ನು ಬಿಡಬೇಕಾಗಿಲ್ಲ, ಇನ್ನೊಬ್ಬರ ದೇವರಿಗೆ ಕೈ ಮುಗಿಯಲೇಬೇಕು ಅಂತಲೂ ಇಲ್ಲ. ಹೀಗೆ ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುವುದರಿಂದಲೇ ಈ ಪದ್ಧತಿ ಉಳಿದಿದೆ ಅಂತ ನನ್ನ ನಂಬಿಕೆ. ದಾರಿಯಲ್ಲಿ ಸಿಕ್ಕವರು ‘ದಾ ಮಾಕನ್?’ ಅಂತ ಕೇಳುತ್ತಾರೆ. ಅದು ನಮ್ಮ ‘ಊಟ ಆಯ್ತಾ?’ ಅಷ್ಟೇ. ಧಾರವಾಡದಲ್ಲಿ ಬೆಳೆದ ನಿಮಗೆ ಆ ಪ್ರಶ್ನೆಯ ಹಿಂದಿನ ಪ್ರೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಂದೊಂದಾಗಿ ಹಬ್ಬಗಳ ವಿಷಯ. ಹರಿ ರಾಯಾ, ಅಂದರೆ ರಂಜಾನ್ ಉಪವಾಸ ಮುಗಿದ ಮೇಲಿನ ಹಬ್ಬ, ಅಲ್ಲಿನ ಅತಿ ದೊಡ್ಡ ಹಬ್ಬ. ಹಿಂದಿನ ರಾತ್ರಿ ಅರಸರ ಮುದ್ರೆ ಕಾಯುವ ಅಧಿಕಾರಿ ಟಿವಿಯಲ್ಲಿ ಬಂದು ‘ನಾಳೆ ಹಬ್ಬ’ ಎಂದು ಸಾರುತ್ತಾರೆ. ಅದಕ್ಕೂ ಎರಡು ಮೂರು ದಿನ ಮೊದಲೇ ಕ್ವಾಲಾಲಂಪುರ ಖಾಲಿಯಾಗಲು ಶುರುವಾಗುತ್ತೆ. ಎಲ್ಲರೂ ಅಪ್ಪ ಅಮ್ಮ ಇರುವ ಹಳ್ಳಿಗೆ ಹೊರಡುತ್ತಾರೆ. ಅದಕ್ಕೆ ‘ಬಾಲಿಕ್ ಕಂಪುಂಗ್’ ಅನ್ನುತ್ತಾರೆ. ದೀಪಾವಳಿಗೆ ಬೆಂಗಳೂರಿಂದ ಹುಬ್ಬಳ್ಳಿ ಬಸ್ಸುಗಳು ತುಂಬಿ ಹೋಗುತ್ತವಲ್ಲ, ಹಾಗೆಯೇ. ಆ ದಿನಗಳಲ್ಲಿ ಹೆದ್ದಾರಿಯಲ್ಲಿ ಪ್ರಯಾಣ ಇಟ್ಟುಕೊಳ್ಳಬೇಡಿ.

ಹಬ್ಬದ ಬೆಳಗ್ಗೆ ಮಲಯರ ಮನೆಗಳಲ್ಲಿ ಮಕ್ಕಳು ದೊಡ್ಡವರ ಮುಂದೆ ಮಂಡಿಯೂರಿ, ಕೈ ಹಿಡಿದು ಮುತ್ತಿಟ್ಟು, ‘ಮಾಅಫ್ ಜಾಹಿರ್ ದಾನ್ ಬಾತಿನ್’ ಎನ್ನುತ್ತಾರೆ. ಹೊರಗೆ ಕಂಡದ್ದು, ಒಳಗೆ ಇಟ್ಟುಕೊಂಡದ್ದು ಎಲ್ಲ ತಪ್ಪನ್ನೂ ಮನ್ನಿಸಿ ಅಂತ ಅರ್ಥ. ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮ ಕಡೆ ದಸರೆಗೆ ಬನ್ನಿ ಹಂಚುವುದು ನೆನಪಾಯಿತು. ವರ್ಷವೆಲ್ಲ ಮಾತು ಬಿಟ್ಟವರೂ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅಂತ ಕೈಯಲ್ಲಿ ಎಲೆ ಇಡುತ್ತಾರಲ್ಲ. ಎರಡರಲ್ಲೂ ಇರುವುದು ಒಂದೇ ಆಸೆ.

ಮೊದಲ ದಿನ ಮನೆಯವರದ್ದು, ಎರಡನೆಯ ದಿನದಿಂದ ಬಂದುಹೋಗುವವರದ್ದು. ಓಪನ್ ಹೌಸ್‌ಗಳು ಒಂದು ತಿಂಗಳು ನಡೆಯುತ್ತವೆ. ಹಾಗಾಗಿ ಮೊದಲ ದಿನವೇ ಯಾರೂ ಕರೆಯಲಿಲ್ಲ ಅಂತ ಬೇಸರ ಮಾಡ್ಕೋಬೇಡಿ.

ಆ ಹಬ್ಬದ ಗುರುತೇ ಕೆತುಪಾತ್. ಎಳೆ ತೆಂಗಿನ ಗರಿಯ ಎರಡು ಪಟ್ಟಿಗಳನ್ನು ಅಂಗೈಗೆ ಸುತ್ತಿ, ಒಂದರೊಳಗೊಂದು ತೂರಿಸುತ್ತಾ ಹೆಣೆದರೆ ಮುಷ್ಟಿ ಗಾತ್ರದ ಚೌಕುಳಿ ಚೀಲವಾಗುತ್ತೆ. ಅದರೊಳಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೊಳೆದ ಅಕ್ಕಿ ತುಂಬಿ, ಬಾಯಿ ಎಳೆದು ಬಿಗಿದು, ನೀರಿನಲ್ಲಿ ನಾಲ್ಕೈದು ಗಂಟೆ ಕುದಿಸಬೇಕು. ಅಕ್ಕಿ ಉಬ್ಬಲು ಜಾಗ ಸಾಲದೆ ಒತ್ತಿಕೊಂಡು ಗಟ್ಟಿಯಾಗುತ್ತೆ. ನಂತರ ಗೊಂಚಲು ಗೊಂಚಲಾಗಿ ನೇತುಹಾಕಿ ನೀರು ಬಸಿಯುತ್ತಾರೆ. ಎಲೆ ಕತ್ತರಿಸಿದಾಗ ಬರುವ ಪರಿಮಳ ನಮ್ಮ ಕರಾವಳಿಯ ಮೂಡೆ ಬಿಚ್ಚಿದಾಗ ಬರುವುದಕ್ಕೆ ಬಹಳ ಹತ್ತಿರ. ನಮ್ಮ ಪಕ್ಕದ ಮನೆಯ ಮಲಯ ಅಮ್ಮ ಹಬ್ಬದ ಹಿಂದಿನ ದಿನ ನನ್ನನ್ನು ಪಕ್ಕ ಕೂರಿಸಿಕೊಂಡು ಹೆಣೆಯಲು ಕಲಿಸಿದರು. ನನ್ನದು ಮೂರು ಸಲ ಬಿಚ್ಚಿಹೋಯಿತು. ನಾಲ್ಕನೆಯದನ್ನು ಅವರು ತಮ್ಮ ಗೊಂಚಲಿನಲ್ಲೇ ಕಟ್ಟಿದರು. ಆವತ್ತಿನಿಂದ ನಾನು ಅವರಿಗೆ ಬರೀ ಪಕ್ಕದ ಮನೆಯವಳಾಗಿ ಉಳಿಯಲಿಲ್ಲ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಕೆತುಪಾತ್ ಬರೀ ಅನ್ನ. ಬಿದಿರಿನ ಕೊಳವೆಯಲ್ಲಿ ಬಾಳೆಎಲೆ ಸುತ್ತಿ, ತೆಂಗಿನ ಹಾಲು ಹಾಕಿ ಕೆಂಡದ ಪಕ್ಕ ಬೇಯಿಸುವ ಲೆಮಾಂಗ್ ಅಂಟಕ್ಕಿಯದ್ದು. ಇವೆರಡನ್ನೂ ಧೈರ್ಯವಾಗಿ ತಿನ್ನಬಹುದು. ರೆಂಡಾಂಗ್ ಮಾಂಸದ್ದು. ಮೋಸ ಹೋಗುವುದು ತರಕಾರಿಯಲ್ಲಿ. ಹಸಿರು ಸೊಪ್ಪು, ತೆಂಗಿನ ಹಾಲಿನ ಸಾರು ನೋಡಲು ನಮ್ಮದರ ಹಾಗೇ ಇರುತ್ತೆ, ಆದರೆ ಒಗ್ಗರಣೆಯಲ್ಲಿ ‘ಬೆಲಾಚಾನ್’ ಅಂದರೆ ಸಿಗಡಿಯ ಮುದ್ದೆ, ಇಲ್ಲವೇ ಒಣ ಮೀನು ಸೇರಿರುತ್ತೆ. ಅವರ ಲೆಕ್ಕದಲ್ಲಿ ಅದು ಬರೀ ರುಚಿಗೆ ಹಾಕುವ ವಸ್ತು. ಆದ್ದರಿಂದ ‘ನಾನು ಸಸ್ಯಾಹಾರಿ’ ಅಂದರೆ ಸಾಲದು. ಮಾಂಸ, ಮೀನು, ಸಿಗಡಿ, ಮೊಟ್ಟೆ, ಬೆಲಾಚಾನ್ ಯಾವುದೂ ಇಲ್ಲ ಅಂತ ಬಿಡಿಸಿ ಹೇಳಿ. ಕರೆದಾಗಲೇ ಹೇಳಿ, ಅಲ್ಲಿಗೆ ಹೋಗಿ ತಟ್ಟೆ ಮುಂದೆ ಕೂತ ಮೇಲಲ್ಲ. ಮುಂಚೆ ಗೊತ್ತಿದ್ದರೆ ಅವರು ಖುಷಿಯಿಂದ ಬೇರೆ ಮಾಡುತ್ತಾರೆ, ತಡವಾಗಿ ಗೊತ್ತಾದರೆ ಪಾಪ ಅವರಿಗೇ ಸಂಕಟ.

‘ಕುಯೆ’ ಅಂತ ತಿಂಡಿಗಳಿರುತ್ತವೆ. ಅಕ್ಕಿ ಹಿಟ್ಟು, ತೆಂಗಿನಕಾಯಿ, ತಾಳೆ ಬೆಲ್ಲ ಸೇರಿಸಿ ಮಾಡಿದ್ದು. ಒಂಡೆ-ಒಂಡೆ ಎಂಬ ಹಸಿರು ಉಂಡೆ ಕಚ್ಚಿದರೆ ಒಳಗಿನ ಬೆಲ್ಲ ಬಾಯಲ್ಲಿ ಒಡೆಯುತ್ತೆ. ಪುಟ್ಟು ಮಾಯಮ್ ಅಂದರೆ ನಮ್ಮ ಒತ್ತು ಶಾವಿಗೆಯೇ, ಮೇಲೆ ಕಾಯಿ ಮತ್ತು ಬೆಲ್ಲ. ನಿಮ್ಮ ಮಗಳಿಗೆ ಇಷ್ಟವಾಗೋದರಲ್ಲಿ ಸಂಶಯ ಇಲ್ಲ.

ಚೀನಿಯರ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತೆ, 15 ದಿನದ ಹಬ್ಬ. ಹಿಂದಿನ ರಾತ್ರಿಯ ಊಟ ಮನೆಯವರಿಗೆ ಮಾತ್ರ. ಆ ಹೊತ್ತಿಗೆ ಅವರ ಮನೆಗೆ ಹೋಗಬೇಡಿ. ಆಮೇಲೆ ಹೋಗುವಾಗ ಕಿತ್ತಳೆ ತಗೊಂಡು ಹೋಗಿ, ಜೋಡಿ ಲೆಕ್ಕದಲ್ಲಿ, ಎರಡೂ ಕೈಯಿಂದ ಕೊಡಿ. ನೀವು ಹೊರಡುವಾಗ ಅವರೂ ಎರಡು ಕಿತ್ತಳೆ ವಾಪಸ್ ಕೊಡುತ್ತಾರೆ. ತಂದವರ ಪಾತ್ರೆ ಬರಿದಾಗಿ ಕಳಿಸಬಾರದು ಅಂತ ನಮ್ಮಲ್ಲಿ ಒಂದು ಚೂರು ಸಕ್ಕರೆಯಾದರೂ ಹಾಕಿ ಕೊಡುತ್ತೇವಲ್ಲ, ಅದೇ ಭಾವ. ಕಪ್ಪು, ಬಿಳಿ ಬಟ್ಟೆ ಬೇಡ.

ಮದುವೆಯಾದವರು ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ದುಡ್ಡು ಕೊಡಬೇಕು. ಅದು ‘ಆಂಗ್ ಪಾವ್’. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಮುಯ್ಯಿ ಮಾಡುವಾಗ 101, 501 ಅಂತ ಒಂದು ಸೇರಿಸಿ ಕೊಟ್ಟರೆ ಶುಭ. ಅವರಲ್ಲಿ ಬೆಸ ಸಂಖ್ಯೆ ಸಾವಿನ ಮನೆಗೆ ಕೊಡುವ ಲಕೋಟೆಯದ್ದು. ಶುಭಕ್ಕೆ ಸಮಸಂಖ್ಯೆಯೇ ಆಗಬೇಕು, ಅದರಲ್ಲೂ ನಾಲ್ಕು ಬೇಡ. ಅವರ ಭಾಷೆಯಲ್ಲಿ ನಾಲ್ಕು ಅನ್ನುವುದು ಸಾವು ಎಂಬ ಪದದ ಹಾಗೆ ಕೇಳುತ್ತೆ. ಮೊದಲ ವರ್ಷ ನಾನು ಇದು ಗೊತ್ತಿಲ್ಲದೆ ಎದುರು ಮನೆ ಮಗುವಿಗೆ 11 ರಿಂಗಿಟ್ ಹಾಕಿ ಕೊಟ್ಟೆ. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ. ತಮ್ಮ ಪರ್ಸಿನಿಂದ ಒಂದು ರಿಂಗಿಟ್ ನೋಟು ತೆಗೆದು ಲಕೋಟೆಗೆ ಸೇರಿಸಿ, ನನ್ನ ಕೈ ಮೆಲ್ಲಗೆ ತಟ್ಟಿದರು. ಕಾರಣವನ್ನು ಅವರ ಸೊಸೆ ಆಮೇಲೆ ವಿವರಿಸಿದಳು. ಆ ಅಜ್ಜಿಯ ದೊಡ್ಡತನ ನಾನು ಇವತ್ತಿಗೂ ಮರೆತಿಲ್ಲ.

ಈ ಲಕೋಟೆಯ ಪದ್ಧತಿ ಚೀನಿಯರಿಂದ ಮಲಯರಿಗೆ ಬಂದು ಅಲ್ಲಿ ಹಸಿರಾಯಿತು. ಹರಿ ರಾಯಾಕ್ಕೆ ಮಕ್ಕಳಿಗೆ ಹಸಿರು ಲಕೋಟೆ ಕೊಡುತ್ತಾರೆ. ದೀಪಾವಳಿಗೆ ನೇರಳೆ ಬಣ್ಣದ್ದು ಸಿಗುತ್ತೆ. ಬ್ಯಾಂಕುಗಳೇ ಗ್ರಾಹಕರಿಗೆ ಇವನ್ನು ಹಂಚುತ್ತವೆ.

ಆ ಹದಿನೈದು ದಿನಗಳಲ್ಲಿ ‘ಯೀ ಸಾಂಗ್’ ಎಂಬ ಕೋಸಂಬರಿಯನ್ನು ಎಲ್ಲರೂ ನಿಂತುಕೊಂಡು ಚಾಪ್‌ಸ್ಟಿಕ್‌ನಿಂದ ಮೇಲಕ್ಕೆತ್ತಿ ಚಿಮ್ಮುತ್ತಾರೆ. ಎಷ್ಟು ಎತ್ತರಕ್ಕೆ ಹೋದರೆ ಅಷ್ಟು ಒಳ್ಳೆಯ ವರ್ಷ. ಮೂಲದಲ್ಲಿ ಹಸಿ ಮೀನು ಇರುತ್ತೆ, ಮೀನಿಲ್ಲದ್ದೂ ಸಿಗುತ್ತೆ, ಕೇಳಿ ತರಿಸಿಕೊಳ್ಳಿ. ಬೌದ್ಧ ಮನೆಗಳಲ್ಲಿ ಹೊಸ ವರ್ಷದ ಮೊದಲ ದಿನ ಮಾಂಸ ಮುಟ್ಟದವರು ಬಹಳ ಜನ ಇದ್ದಾರೆ. ಅವರ ಕಟ್ಟುನಿಟ್ಟಿನ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯೂ ಬೀಳುವುದಿಲ್ಲ, ನಮ್ಮ ಮಡಿ ಅಡುಗೆಯ ಹಾಗೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ‘ಒಂಬತ್ತು ಚಕ್ರವರ್ತಿ ದೇವರು’ಗಳ ಹಬ್ಬ ಬರುತ್ತೆ. ಒಂಬತ್ತು ದಿನವೂ ಭಕ್ತರು ಬಿಳಿ ಬಟ್ಟೆ ತೊಟ್ಟು ಸಸ್ಯಾಹಾರದಲ್ಲಿರುತ್ತಾರೆ. ಆಗ ತಿಂಡಿ ಗಾಡಿಗಳ ಮೇಲೆ ಹಳದಿ ಬಾವುಟ ಹಾರುತ್ತೆ. ಕ್ವಾಲಾಲಂಪುರದ ಪಕ್ಕದ ಅಂಪಾಂಗ್‌ನಲ್ಲಿ, ಪೆನಾಂಗ್‌ನಲ್ಲಿ ಇದು ಜೋರು. ಹೆಚ್ಚು ಕಡಿಮೆ ನಮ್ಮ ನವರಾತ್ರಿಯ ಹೊತ್ತಿಗೇ ಬರುತ್ತೆ. ಹಳದಿ ಬಾವುಟ ಕಂಡ ಕಡೆ ನೀವು ನೆಮ್ಮದಿಯಿಂದ ಕೂತು ತಿನ್ನಬಹುದು.

ಇನ್ನು ತೈಪೂಸಂ. ಇದನ್ನು ನೋಡದೆ ಒಂದು ವರ್ಷವೂ ಕಳೆಯಬೇಡಿ. ಜನವರಿ–ಫೆಬ್ರವರಿಯ ಹುಣ್ಣಿಮೆ, ಮುರುಗನ ಹಬ್ಬ. ಬ್ರಿಟಿಷರ ಕಾಲದಲ್ಲಿ ರಬ್ಬರ್ ತೋಟಗಳಿಗೆ ಬಂದ ತಮಿಳು ಕೂಲಿಗಳ ಭಕ್ತಿ ಇದನ್ನು ಬೆಳೆಸಿತು. ನಗರದ ಉತ್ತರಕ್ಕಿರುವ ಬಾಟು ಕೇವ್ಸ್ ಎಂಬ ಸುಣ್ಣಕಲ್ಲಿನ ಗವಿಗಳಲ್ಲಿ 1892ರಿಂದ ನಡೆಯುತ್ತಾ ಬಂದಿದೆ. ಗವಿಗೆ 272 ಮೆಟ್ಟಿಲು. ಕೆಳಗೆ ನಿಂತಿರುವ 42.7 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗನನ್ನು 2006ರಲ್ಲಿ ಅನಾವರಣ ಮಾಡಿದರು. ಹಬ್ಬಕ್ಕೆ ಮುಂಚೆ ಪೇಟೆಯ ಮಧ್ಯದ ಮಹಾಮಾರಿಯಮ್ಮನ್ ದೇವಸ್ಥಾನದಿಂದ ಬೆಳ್ಳಿ ರಥ ರಾತ್ರಿ ಹೊತ್ತು ಹೊರಡುತ್ತೆ. ಸುಮಾರು 15 ಕಿಲೋಮೀಟರ್ ದಾರಿ, ಜನ ರಾತ್ರಿಯಿಡೀ ಬರಿಗಾಲಲ್ಲಿ ಜೊತೆಗೆ ನಡೆಯುತ್ತಾರೆ.

ಕಾವಡಿ ಹೊತ್ತು, ಬೆನ್ನಿಗೆ ಕೊಕ್ಕೆ, ಕೆನ್ನೆಗೆ ಶೂಲ ಚುಚ್ಚಿಕೊಂಡವರ ಚಿತ್ರಗಳನ್ನು ನೀವು ನೋಡಿರಬಹುದು. ಅದು ನಿಜ. ಆದರೆ ಹೆಚ್ಚಿನವರು ಹೊರುವುದು ಹಾಲಿನ ಕೊಡ. ಬೆಳಗಿನ ಜಾವ ನಾಲ್ಕಕ್ಕೆ ಮೆಟ್ಟಿಲ ಬುಡದಲ್ಲಿ ನಿಂತು ನೋಡಿ. ಹಳದಿ ಸೀರೆ ಉಟ್ಟ ಹೆಂಗಸು, ಬೋಳಿಸಿದ ತಲೆಗೆ ಗಂಧ ಹಚ್ಚಿದ ಕೂಸು, ಮೊಮ್ಮಗನ ಭುಜ ಹಿಡಿದು ಹತ್ತುವ ಅಜ್ಜ. ಹಾಲು ತುಳುಕದಂತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿರುತ್ತೆ. ಅದೇ ಸಾಲಿನಲ್ಲಿ ಚೀನೀ ಮುಖಗಳೂ ಕಾಣುತ್ತವೆ. ಮಗುವಿಗೆ ಕಾಯಿಲೆ ವಾಸಿಯಾಗಲಿ ಅಂತ ಹರಕೆ ಹೊತ್ತು ಬಂದವರು ಅವರು. ಪೆನಾಂಗ್‌ನಲ್ಲಂತೂ ರಥ ಬರುವ ದಾರಿಯಲ್ಲಿ ಚೀನೀ ವ್ಯಾಪಾರಿಗಳು ತೆಂಗಿನಕಾಯಿಗಳನ್ನು ರಾಶಿ ಹಾಕಿಕೊಂಡು ಈಡುಗಾಯಿ ಒಡೆಯುತ್ತಾರೆ. ದಾರಿಯುದ್ದಕ್ಕೂ ‘ತಣ್ಣೀರ್ ಪಂದಲ್’ಗಳು. ನಮ್ಮ ಅರವಟ್ಟಿಗೆಗಳೇ. ನೀರು, ಮಜ್ಜಿಗೆ, ಊಟ ಎಲ್ಲ ಪುಕ್ಕಟೆ, ಯಾವ ಜಾತಿ ಯಾವ ದೇಶ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಒಂದು ಗಂಟೆ ನಿಂತು ಲೋಟ ತೊಳೆದುಕೊಡಿ. ಕುಕ್ಕೆ, ಘಾಟಿಯ ಸುಬ್ರಹ್ಮಣ್ಯನಿಗೆ ನಡೆದುಕೊಂಡ ಮನೆತನ ನಿಮ್ಮದಾದರೆ ಆ ದೇವರು ಬೇರೆಯವನು ಅನಿಸುವುದೇ ಇಲ್ಲ. ಅಲ್ಲಿಗೆ ಕಾರಿನಲ್ಲಿ ಹೋಗಬೇಡಿ, ಗವಿಯ ಬುಡಕ್ಕೇ ರೈಲು ಹೋಗುತ್ತೆ.

ವೆಸಾಕ್, ಅಂದರೆ ಬುದ್ಧ ಪೂರ್ಣಿಮೆ, ಮತ್ತು ಕ್ರಿಸ್ಮಸ್‌ಗೂ ರಜೆ ಇದೆ. ಅವುಗಳ ಬಗ್ಗೆ ನಿಮಗೆ ಹೊಸದಾಗಿ ಹೇಳುವುದು ಜಾಸ್ತಿ ಇಲ್ಲ.

ಸಮುದ್ರದಾಚೆಯ ಸಬಾ, ಸರಾವಾಕ್ ರಾಜ್ಯಗಳ ಸುಗ್ಗಿ ಹಬ್ಬಗಳನ್ನು ಮಾತ್ರ ಮರೆಯಬೇಡಿ. ಕ್ವಾಲಾಲಂಪುರದಲ್ಲಿ ಕೂತವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ, ಅದು ನನಗೆ ನೋವಿನ ಸಂಗತಿ. ಸಬಾದಲ್ಲಿ ಮೇ 30, 31ರಂದು ಕಾಮತಾನ್. ಬರಗಾಲ ಬಂದಾಗ ಸೃಷ್ಟಿಕರ್ತ ದೇವರ ಮಗಳು ಹುಮಿನೊಡುನ್ ಜನರಿಗಾಗಿ ಪ್ರಾಣ ಕೊಟ್ಟಳು, ಅವಳ ದೇಹದಿಂದ ಭತ್ತ ಹುಟ್ಟಿತು ಎಂದು ಕಡಜಾನ್-ದುಸುನ್ ಜನ ನಂಬುತ್ತಾರೆ. ನೀರಿಗಾಗಿ ಸೊಸೆಯನ್ನು ಬಲಿಕೊಟ್ಟ ಕಥೆ ನಮ್ಮ ಜನಪದದಲ್ಲೂ ಇದೆ ಅಲ್ವಾ? ಸರಾವಾಕ್‌ನಲ್ಲಿ ಜೂನ್ 1, 2ರಂದು ಗಾವಾಯ್ ದಾಯಕ್. 1965ರಿಂದ ಅಧಿಕೃತವಾಗಿ ಆಚರಿಸುತ್ತಾರೆ. ಹತ್ತಾರು ಕುಟುಂಬಗಳು ಒಂದೇ ಸೂರಿನಡಿ ಇರುವ ಉದ್ದ ಮನೆಗಳಲ್ಲಿ, ಎಲ್ಲರಿಗೂ ಸೇರಿದ ಉದ್ದ ಪಡಸಾಲೆಯಲ್ಲಿ ಆ ಹಬ್ಬ. ಅಕ್ಕಿಯ ಹೆಂಡ ‘ತುಆಕ್’ ಕೊಡುತ್ತಾರೆ. ಕುಡಿಯದಿದ್ದರೆ ಲೋಟ ಮುಟ್ಟಿ, ನಗುತ್ತಾ ಬೇಡ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ.

ಹಬ್ಬಗಳ ತಾರೀಕಿನ ಗೊಂದಲಕ್ಕೆ ಒಂದು ಮಾತು. ಹರಿ ರಾಯಾ ಬರೀ ಚಂದ್ರನ ಲೆಕ್ಕ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ಚೀನಿಯರಿಗೆ ನಮ್ಮ ಹಾಗೇ ಅಧಿಕ ಮಾಸ ಇದೆ, ಅವರದ್ದು ಅಷ್ಟು ಸರಿಯುವುದಿಲ್ಲ. ಹೀಗಾಗಿ ಆಗಾಗ ಹಬ್ಬಗಳು ಒಟ್ಟಿಗೆ ಬೀಳುತ್ತವೆ. 2005ರಲ್ಲಿ ದೀಪಾವಳಿ ನವೆಂಬರ್ 1ಕ್ಕೆ, ಹರಿ ರಾಯಾ 3ಕ್ಕೆ ಬಂತು. ಜನ ‘ದೀಪಾರಾಯಾ’ ಅಂದರು. ಚೀನೀ ಹೊಸ ವರ್ಷದ ಜೊತೆ ಬಂದರೆ ‘ಕೊಂಗ್ಸಿ ರಾಯಾ’. 2029ರ ಫೆಬ್ರವರಿ ಮಧ್ಯದಲ್ಲಿ ಆ ಎರಡೂ ಮತ್ತೆ ಕೂಡುತ್ತವೆ. ನೀವು ಅಲ್ಲೇ ಇದ್ದರೆ ಆ ವಾರ ಊರಿಗೆ ಬರಬೇಡಿ, ಇದ್ದು ನೋಡಿ.

ಈಗ ಮಗಳ ವಿಷಯ. ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಅದಕ್ಕೆ ಮೆಲಾಕಾ ಊರಿನ ಚೆಟ್ಟಿ ಜನರ ಬಗ್ಗೆ ಹೇಳುತ್ತೇನೆ. ಮೆಲಾಕಾದ ಸುಲ್ತಾನರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋಗಿ, ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆಸಿದ ಹಿಂದೂ ವ್ಯಾಪಾರಿಗಳ ಸಂತತಿ ಅವರು. ಮನೆಮಾತು ಈಗ ಮಲಯ. ಉಡುಪು ಅಲ್ಲಿಯದ್ದು. ತಮಿಳು ಹೆಚ್ಚು ಕಡಿಮೆ ಹೋಗಿಬಿಟ್ಟಿದೆ. ಆದರೆ ಪೊಂಗಲ್‌ಗೆ ಹಿಂದಿನ ಭೋಗಿಯ ದಿನ ತೀರಿಕೊಂಡ ಹಿರಿಯರಿಗೆ ಬಾಳೆಎಲೆ ಹಾಸಿ, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ ಕೈ ಮುಗಿಯುತ್ತಾರೆ. ಅದಕ್ಕೆ ‘ಪರ್ಚು’ ಎಂದು ಹೆಸರು. ನಾವು ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವಲ್ಲ, ಹಾಗೆ. ಎಲೆಯ ಮೇಲಿನ ಅಡುಗೆ ಮಲಯರದ್ದಾಗಿದೆ, ಎಲೆ ಹಾಸುವುದು ನಿಂತಿಲ್ಲ. ಭಾಷೆ ಹೋದರೂ ಅಡುಗೆಮನೆಯಲ್ಲಿ ಕಲಿತದ್ದು ಅಷ್ಟು ಕಾಲ ನಿಂತಿದೆ. ನಿಮ್ಮ ಮಗಳಿಗೆ ಕನ್ನಡವೂ ಇರುತ್ತೆ, ನೀವೂ ಇರುತ್ತೀರಿ. ಹೋಳಿಗೆ ತಟ್ಟುವಾಗ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸುಮ್ನೆ ನೋಡಿದರೆ ಸಾಲದು, ಹೂರಣದ ಉಂಡೆ ಅವಳೇ ಕಟ್ಟಲಿ.

ದೀಪಾವಳಿಗೆ ಸರಾವಾಕ್ ಬಿಟ್ಟು ಉಳಿದೆಲ್ಲ ಕಡೆ ಸರ್ಕಾರಿ ರಜೆ. ಆದರೆ ತಮಿಳರ ಪದ್ಧತಿಯಂತೆ ಅದು ನರಕ ಚತುರ್ದಶಿಯ ಒಂದೇ ದಿನ. ಬಲಿಪಾಡ್ಯಮಿಗೆ ರಜೆ ಇಲ್ಲ, ಯುಗಾದಿಗೂ ಗಣೇಶನ ಚೌತಿಗೂ ಇಲ್ಲ. ಮನೆಯವರು ವರ್ಷದ ಮೊದಲೇ ಆ ದಿನಗಳಿಗೆ ರಜೆ ಎತ್ತಿಟ್ಟುಕೊಳ್ಳಲಿ. ಹೂ, ಬಾಳೆಎಲೆ, ಮಾವಿನ ತೋರಣಕ್ಕೆ ಕ್ವಾಲಾಲಂಪುರದ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ. ಅಲ್ಲಿನ ತೆಲುಗರು ಯುಗಾದಿ ಮಾಡುತ್ತಾರೆ. ಅವರ ಪರಿಚಯ ಮಾಡಿಕೊಂಡರೆ ಬೇವು ಬೆಲ್ಲಕ್ಕೆ ಜೊತೆ ಸಿಗುತ್ತೆ.

ಮೊದಲ ವರ್ಷವೇ ದೀಪಾವಳಿಗೆ ನೀವೇ ಓಪನ್ ಹೌಸ್ ಮಾಡಿ. ನಿಮ್ಮ ಸಸ್ಯಾಹಾರ ಬಲ ಅಂದೆನಲ್ಲ, ಅದರ ಅರ್ಥ ಇಲ್ಲಿ. ಚೀನೀ ಮನೆಯಲ್ಲಿ ಹಂದಿಮಾಂಸ ಬೇಯಿಸಿದ ಪಾತ್ರೆ ಇರಬಹುದು ಅಂತ ಮಲಯರಿಗೆ ಅಳುಕು, ಮಲಯರ ಮನೆಯಲ್ಲಿ ದನದ ಮಾಂಸ ಇರುತ್ತೆ ಅಂತ ಹಿಂದೂಗಳಿಗೆ ಅಳುಕು. ನಿಮ್ಮ ಅಡುಗೆಮನೆಯಲ್ಲಿ ಇದ್ಯಾವುದೂ ಇಲ್ಲ. ಎಲ್ಲರೂ ಒಟ್ಟಿಗೆ ಕೂತು ತಿನ್ನಬಹುದಾದ ಮನೆ ನಿಮ್ಮದು. ಆದರೂ ತುಪ್ಪ, ಎಣ್ಣೆ, ಅಂಗಡಿಯಿಂದ ತರುವ ಬಿಸ್ಕತ್ತು ಎಲ್ಲದರ ಮೇಲೂ ಹಲಾಲ್ ಗುರುತು ನೋಡಿ ತನ್ನಿ. ಜೆಲಾಟಿನ್ ಇರುವ ಸಿಹಿ ಬೇಡ. ಮದ್ಯದ ಬಾಟಲಿ ಮನೆಯಲ್ಲಿ ಕಾಣಬಾರದು. ಇಷ್ಟಾದರೂ ಯಾರಾದರೂ ಬರೀ ಹಣ್ಣು ತಿಂದು, ನೀರಿನ ಬಾಟಲಿ ಹಿಡಿದು ಕೂತರೆ ಬಲವಂತ ಮಾಡಬೇಡಿ. ಬಂದರಲ್ಲ, ಅದೇ ದೊಡ್ಡದು.

ಏನು ಮಾಡುವುದು ಅಂದರೆ, ಚಕ್ಕುಲಿಯನ್ನು ಅಲ್ಲಿ ಎಲ್ಲರೂ ‘ಮುರುಕು’ ಅಂತ ಪ್ರೀತಿಯಿಂದ ತಿನ್ನುತ್ತಾರೆ, ಅದನ್ನು ಜಾಸ್ತಿ ಮಾಡಿ. ಬಿಸಿಬೇಳೆಭಾತ್‌ಗೆ ಖಾರ ಕಡಿಮೆ ಮಾಡಬೇಕಾಗಿಲ್ಲ, ಅವರಿಗೆ ಖಾರ ನಮಗಿಂತ ಚೆನ್ನಾಗಿ ಗೊತ್ತು. ಧಾರವಾಡದಿಂದ ಫೇಡೆ ತರಿಸಿಕೊಂಡಿದ್ದರೆ ಅದನ್ನು ಕೊನೆಗೆ ಕೊಡಿ. ಸಣ್ಣ ಡಬ್ಬಿಗಳನ್ನೂ ಒಂದು ರಾಶಿ ತಂದಿಟ್ಟಿರಿ. ಹೊರಡುವಾಗ ಮನೆಗೆ ಕಟ್ಟಿಕೊಡುವುದಕ್ಕೆ ಅಲ್ಲಿ ‘ತಪಾವ್’ ಅನ್ನುತ್ತಾರೆ, ಅದಿಲ್ಲದೆ ಊಟ ಪೂರ್ತಿಯಾಗದು. ರಂಗೋಲಿ ಹಾಕುವ ಕೆಲಸ ಮಗಳಿಗೆ ಕೊಡಿ. ಪಕ್ಕದ ಮನೆ ಮಕ್ಕಳು ಬಂದು ಕೂತರೆ ಅವರ ಕೈಗೂ ಒಂದು ಹಿಡಿ ಬಣ್ಣದ ಪುಡಿ ಕೊಡಲಿ.